ಔತಣಕ್ಕೆ ಜರಿಯಂಚಿನ ಪಂಚೆ

ಹಡಗಿನಲ್ಲಿ ಆ ಸಂಜೆ ವಿಶೇಷ ಔತಣ. ಅಳಿಯ ಜೀನ್ಸಿನ ಮೇಲೆ ಹೊಸ ಕೋಟು ತೊಟ್ಟು ಬಂದಾಗ, ಮಾವ ಜರಿಯಂಚಿನ ರೇಷ್ಮೆ ಪಂಚೆಯುಟ್ಟು, ಶಲ್ಯ ಹೊದ್ದು ಸಿದ್ಧರಾಗಿದ್ದರು.

“ದಮ್ಮಯ್ಯ ಮಾವ, ಪ್ಯಾಂಟ್ ಹಾಕ್ಕೊಳ್ಳಿ. ಪಂಚೇಲಿ ಬಂದ್ರೆ ಬಾಗಿಲಲ್ಲೇ ತಡೀತಾರೆ, ನನ್ನ ಮಾನ ಹೋಗುತ್ತೆ.”

“ನಿಮ್ಮ ಕಾಲು ತೊಳೆದು ಮಗಳನ್ನ ಧಾರೆ ಎರೆದಿದ್ದೂ ಇದೇ ಪಂಚೇಲಿ, ಅಳಿಯಂದ್ರೇ. ಆಗ ಹೋಗದ ಮಾನ ಈಗ ಹೋಗುತ್ತಾ?”

ಭೋಜನಶಾಲೆಯ ಬಾಗಿಲಲ್ಲಿ ನಿಂತಿದ್ದವನು ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದ. ಅವರವರ ನಾಡಿನ ಉಡುಪಿಗೆ ಅಡ್ಡಿಯಿಲ್ಲವೆಂದು ಮಾವನಿಗೆ ತಲೆಬಾಗಿ ದಾರಿ ಬಿಟ್ಟ. ಜೀನ್ಸಿಗೆ ಪ್ರವೇಶವಿಲ್ಲವೆಂದು ಅಳಿಯನಿಗೆ ಕೈ ಅಡ್ಡ ಹಿಡಿದ.

ಮಾವ ಹೊಸ್ತಿಲಲ್ಲೇ ತಿರುಗಿ ನಿಂತರು.

“ಬನ್ನಿ ಅಳಿಯಂದ್ರೇ, ನನ್ನ ಪೆಟ್ಟಿಗೇಲಿ ಇನ್ನೊಂದು ಪಂಚೆ ಇದೆ. ನಾನೇ ಉಡಿಸ್ತೀನಿ.”