ಮತ್ತೆ ಬಿಗಿದ ಕ್ಲಚ್ ವೈರ್

ಕ್ಲಚ್ಚು ಇವತ್ತೂ ಬಿಗಿದುಕೊಂಡಿತ್ತು. ಮುನಿವೆಂಕಟಪ್ಪ ತಮ್ಮ ಹಳೇ ರಾಜದೂತ್ ಬೈಕಿನ ಮೇಲೆ ಕೂತು, ಹಲ್ಲು ಕಚ್ಚಿ, ಎಡಗಡೆಯ ಲಿವರನ್ನು ಹಿಂಡಿದರು. ಅದು ಅರ್ಧಕ್ಕೆ ಬಂದು ನಿಂತಿತು.

"ಮನೆಹಾಳಿ!" ಎಂದು ಉಗಿದರು. ಇದು ಯಾರ ಕೆಲಸ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಸೊಸೆ ಕವನಾ. ಮನೆ ಮುಂದೆ ನೆರಳಿರುವುದು ಒಂದೇ ಕಡೆ. ಅಲ್ಲಿ ಮಾವನ ರಾಜದೂತ್ ನಿಂತಿದೆ, ಅವಳ ಸ್ಕೂಟರ್ ದಿನವೂ ಬಿಸಿಲಲ್ಲಿ ಒಣಗುತ್ತದೆ. ಸ್ಕೂಟರಂತೆ ಸ್ಕೂಟರು! ಗೇರಿಲ್ಲ, ಕ್ಲಚ್ಚಿಲ್ಲ, ಕಿವಿ ತಿರುಚಿದರೆ ಓಡುತ್ತದೆ. ಅದನ್ನು ಓಡಿಸುವವರೂ ತಮಗೆ ಗಾಡಿ ಬರುತ್ತದೆ ಎಂದುಕೊಂಡಿದ್ದಾರೆ! ಈ ರಾಜದೂತ್ ಎರಡೂ ಪಕ್ಕ ಹಾಲಿನ ಕ್ಯಾನ್ ಕಟ್ಟಿಕೊಂಡು ಕೆಂಗೇರಿಯಿಂದ ರಾಜಾಜಿನಗರಕ್ಕೆ ಓಡಿದ ಗಾಡಿ. ಆ ಹಾಲು ಕುಡಿದು ಬೆಳೆದವರೇ ಈಗ ಬಸವೇಶ್ವರನಗರದ ರಸ್ತೆಗಳಲ್ಲಿ ಹಿಂದಿನಿಂದ ಹಾರ್ನ್ ಹೊಡೆದು, ಮುನಿವೆಂಕಟಪ್ಪನವರನ್ನೇ ಪಕ್ಕಕ್ಕೆ ಸರಿಸುತ್ತಾರೆ.

ಮಗ ಮಂಜುನಾಥ್ ಹೋದ ವಾರವೇ ಕಡ್ಡಿ ಮುರಿದ ಹಾಗೆ ಹೇಳಿದ್ದ. "ಅಪ್ಪಾ, ಭಾನುವಾರ ಒಂದು ರೌಂಡ್ ಓಡಿಸಿ ತೋರ್ಸು, ಗಾಡಿ ಇಲ್ಲೇ ಇರಲಿ. ಆಗ್ಲಿಲ್ಲ ಅಂದ್ರೆ ಆತ್ರೇಯ ಅವ್ರಿಗೆ ಕೊಟ್ಬಿಡೋಣ."

ಆತ್ರೇಯ ಎಂಬವನು ರಾಜಾಜಿನಗರದಲ್ಲಿ ಕೆಫೆ ತೆರೆದ ಪುಣ್ಯಾತ್ಮ. ಗಾಡಿಯನ್ನು ಗೋಡೆಗೆ ನೇತುಹಾಕುತ್ತಾನಂತೆ. ಹಾಲು ಹೊತ್ತ ಗಾಡಿ ಗೋಡೆಯ ಮೇಲೆ, ಹಾಲಿಲ್ಲದ ಕಾಫಿ ಕುಡಿಯುವ ಪಂಡಿತರು ಅದರ ಕೆಳಗೆ. ಥೂ! ಇವತ್ತೇ ಆ ಭಾನುವಾರ. ಹತ್ತು ಗಂಟೆಗೆ ಟೆಂಪೋ ತರುತ್ತೇನೆಂದು ಬೇರೆ ಹೇಳಿದ್ದಾನೆ.

ಮುನಿವೆಂಕಟಪ್ಪನವರ ಪತ್ತೇದಾರಿಕೆ ಆಗಲೇ ಮುಗಿದಿತ್ತು. ಡಿಸೆಂಬರ್ ಚಳಿಗೆ ಬಚ್ಚಲಮನೆಯ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿ ಕೂತಿದೆ. ಅದನ್ನೇ ಅವಳು ಕ್ಲಚ್ ವೈರಿನೊಳಗೆ ಬಿಡುತ್ತಿದ್ದಾಳೆ. ಬೆಳಗಿನ ಚಳಿಗೆ ಎಣ್ಣೆ ಗಟ್ಟಿಯಾಗಿ ವೈರು ಹಿಡಿದುಕೊಳ್ಳುತ್ತದೆ, ಬಿಸಿಲೇರಿದರೆ ಕರಗಿ ಸಡಿಲವಾಗುತ್ತದೆ. ಅದಕ್ಕೇ ಮೆಕಾನಿಕ್ ಅಮೀನಪ್ಪ ಮಧ್ಯಾಹ್ನ ಬಂದು ಮುಟ್ಟಿದಾಗಲೆಲ್ಲ ಅದು ಒಳ್ಳೆಯ ಹುಡುಗನ ಹಾಗೆ ನಟಿಸುವುದು.

"ವೈರಲ್ಲಿ ಏನೂ ಇಲ್ಲ ಯಜಮಾನ್ರೇ," ಎಂದಿದ್ದ ಅಮೀನಪ್ಪ.

"ಕೊಬ್ಬರಿ ಎಣ್ಣೆ ಕಣಯ್ಯ, ಕೊಬ್ಬರಿ ಎಣ್ಣೆ!"

"ಏನಂದ್ರಿ?"

ಇವನೊಬ್ಬ ಕಿವುಡ. ಗದರಿಸಿ ಹೊಸ ವೈರು ತರಿಸಿದರು. ಅದನ್ನು ಮೊಳೆಗೆ ನೇತುಹಾಕಿ, ತುದಿಗೆ ಕಾಗದದ ಆಲಿಕೆ ಕಟ್ಟಿ, ಮೇಲಿಂದ ಬಿಟ್ಟ ಮೆಷಿನ್ ಎಣ್ಣೆ ಕೆಳಗೆ ತೊಟ್ಟಿಕ್ಕುವವರೆಗೂ ಎದುರಿಗೇ ಕೂತು ನೋಡಿದರು. ಅಮೀನಪ್ಪ ವೈರು ಕೂರಿಸಿ, ಒಂದು ಸುತ್ತು ಓಡಿಸಿಕೊಂಡು ಬಂದು ನಿಲ್ಲಿಸಿದ. ಅವನು ಅತ್ತ ಹೋದ ಮೇಲೆ ಮುನಿವೆಂಕಟಪ್ಪ ವೈರಿನ ಎರಡೂ ತುದಿಗೆ ಕೆಂಪು ದಾರ ಸುತ್ತಿದರು. ಯಾರಾದರೂ ಬಿಚ್ಚಿದರೆ ಗೊತ್ತಾಗಬೇಕು. ಗಂಟು ಹಾಕುವಷ್ಟರಲ್ಲಿ ಸಾಕುಸಾಕಾಯಿತು. ಈಗಿನ ಕಾಲದ ದಾರವೂ ಅಷ್ಟೇ, ಕೈಯಲ್ಲಿ ನಿಲ್ಲುವುದಿಲ್ಲ.

ಅದು ನಿನ್ನೆ. ಇವತ್ತು ದಾರ ಕಟ್ಟಿದ ಹಾಗೇ ಇದೆ, ಕ್ಲಚ್ಚು ಬಿಗಿದಿದೆ. ಭಲೇ! ಬಿಚ್ಚಿ, ಎಣ್ಣೆ ಬಿಟ್ಟು, ಅದೇ ಗಂಟು ಮತ್ತೆ ಹಾಕಿದ್ದಾಳೆ. ಉಪ್ಪಿಟ್ಟಿಗೆ ಉಪ್ಪು ಹಾಕಲು ನೆನಪಿಲ್ಲದವಳಿಗೆ ಇಂಥದ್ದಕ್ಕೆಲ್ಲ ತಲೆ ಚೆನ್ನಾಗಿ ಓಡುತ್ತದೆ.

ಅಷ್ಟರಲ್ಲಿ ಅವಳೇ ಕಾಫಿ ತಂದಳು. ಮುನಿವೆಂಕಟಪ್ಪ ಎಡಗೈ ಚಾಚಿ ತೆಗೆದುಕೊಂಡರು. ಲೋಟ ಜಾರಿ ಠಣ್ಣೆಂದು ನೆಲಕ್ಕೆ ಬಿತ್ತು.

"ಪಾತ್ರೆಗೆ ಅದೆಂಥಾ ಸೋಪು ಹಾಕ್ತೀಯೇ? ಲೋಟ ಎಲ್ಲಾ ಜಾರುತ್ತೆ!"

"ಏನಂದ್ರಿ ಮಾವ? ಹಲ್ಲಿನ ಸೆಟ್ ಹಾಕ್ಕೊಂಡು ಮಾತಾಡಿ."

ಹಲ್ಲು ಬಾಯಲ್ಲೇ ಇತ್ತು. ಇವಳು ಕಿವುಡಿ ಮಾತ್ರವಲ್ಲ, ಕುರುಡಿ ಕೂಡ. ಸಿಟ್ಟಿನಿಂದ ಗಾಡಿ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಎಡಗಾಲಿನ ಚಪ್ಪಲಿ ಹಿಂದೆಯೇ ಉಳಿಯಿತು. ಚಪ್ಪಲಿ ಹೊಲಿದವನ ವಂಶಕ್ಕೂ ಅರ್ಚನೆ ಆಯಿತು.

ಕವನಾ ಒದ್ದೆ ಬಟ್ಟೆ ತಂದು ಚೆಲ್ಲಿದ ಕಾಫಿ ಒರೆಸತೊಡಗಿದಳು. ಮಂಜುನಾಥ್ ಬಾಗಿಲಿಗೆ ಬಂದು ನಿಂತು ಮೊಬೈಲಿನಲ್ಲಿ ಟೈಮ್ ನೋಡಿದ. ಇದೇ ಸಮಯ, ಮಗನೆದುರೇ ಇವಳ ಬಣ್ಣ ಬಯಲಾಗಲಿ ಎಂದುಕೊಂಡರು ಮುನಿವೆಂಕಟಪ್ಪ. ಗಾಡಿಯ ಹತ್ತಿರ ಬಂದು ಲಿವರ್ ತೋರಿಸಿ, ಒತ್ತು ಎಂದು ಸನ್ನೆ ಮಾಡಿದರು.

ಅವಳು ಎದ್ದು, ಬಟ್ಟೆ ಹಿಡಿದ ಕೈಯ ಎರಡೇ ಬೆರಳಲ್ಲಿ ಒತ್ತಿದಳು. ಲಿವರ್ ಪೂರ್ತಿ ಒಳಗೆ ಬಂತು. ಬಿಟ್ಟಳು. ಟಕ್ಕೆಂದು ವಾಪಸ್ ಹೋಯಿತು.

"ಬೆಣ್ಣೆ ಥರ ಇದೆಯಲ್ಲ ಮಾವ."

ಬೆಣ್ಣೆಯಂತೆ! ಇನ್ನೂ ಬಿಸಿಲೇರಿಲ್ಲ, ಎಣ್ಣೆ ಕರಗಿಲ್ಲ, ಇದೇನು ಮಾಟವೇ? ಮುನಿವೆಂಕಟಪ್ಪ ಅವಳನ್ನು ಪಕ್ಕಕ್ಕೆ ಸರಿಸಿ ಗಾಡಿ ಹತ್ತಿ ಕೂತರು. ಎಡಗೈಯಲ್ಲಿ ಒತ್ತಿದರು. ಅರ್ಧಕ್ಕೆ ನಿಂತಿತು. ಮಗನ ಕಡೆ, ನೋಡಿದೆಯಾ ಎಂಬಂತೆ ಕತ್ತು ಹೊರಳಿಸಿದರು. ಆಮೇಲೆ ಕೋಪದಲ್ಲಿ ಬಲಗೈಯನ್ನು ಅಡ್ಡಡ್ಡ ಚಾಚಿ ಅದೇ ಲಿವರನ್ನು ಹಿಡಿದೆಳೆದರು.

ಬಂತು. ಎರಡೇ ಬೆರಳಿಗೆ ಬಂತು.

ಬಿಟ್ಟು, ಎಡಗೈ ಇಟ್ಟರು. ಬರಲಿಲ್ಲ. ಬಲಗೈ. ಬಂತು.

ಎಡಗೈಯನ್ನು ಕಣ್ಣೆದುರು ಹಿಡಿದು ಮುಷ್ಟಿ ಕಟ್ಟಲು ನೋಡಿದರು. ಕೊನೆಯ ಎರಡು ಬೆರಳು ಮಡಚಲೇ ಇಲ್ಲ. ನೆಲದ ಮೇಲೆ ಲೋಟ ಬಿದ್ದಿತ್ತು. ಆಚೆ ಚಪ್ಪಲಿ ಬಿದ್ದಿತ್ತು. ಮುನಿವೆಂಕಟಪ್ಪ ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದರು. ಬೈಯಲು ಯಾರೂ ಸಿಗಲಿಲ್ಲ.

"ಕವನಾ, ನನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗಮ್ಮ," ಎಂದರು. ನಿಧಾನವಾಗಿ, ಒಂದೊಂದೇ ಮಾತನ್ನು ಬಿಡಿಸಿ, ಎಂಥ ಕಿವುಡರಿಗೂ ಕೇಳುವ ಹಾಗೆ.

ಅವಳು ಹತ್ತಿರ ಬಂದು ಅವರ ಬಾಯನ್ನೇ ನೋಡಿದಳು. "ಏನಂದ್ರಿ ಮಾವ?"