ಗೊರಕೆ ನಿಂತ ಹೊತ್ತು

ಮಧ್ಯಾಹ್ನದ ನಿದ್ದೆಯಲ್ಲಿ ಮಗನ ಗೊರಕೆ ಥಟ್ಟನೆ ನಿಂತಾಗ ಅಜ್ಜಿ ತುಟಿಯ ಮೇಲೆ ಬೆರಳಿಟ್ಟಳು. ಆ ಮನೆಯಲ್ಲಿ ಗೊರಕೆ ನಿಂತರೆ ಗಾಢ ನಿದ್ದೆ ಹತ್ತಿತೆಂದೇ ಅರ್ಥ. ಆಮೇಲೆ ಪಾತ್ರೆ ಕೂಡ ಸದ್ದು ಮಾಡುವಂತಿರಲಿಲ್ಲ. ಮೊಮ್ಮಗಳು ಮಾತ್ರ ಗಡಿಯಾರ ನೋಡುತ್ತಾ ಎಣಿಸಿದಳು. ಹದಿನೆಂಟಕ್ಕೆ ಅಪ್ಪನ ಭುಜ ಹಿಡಿದು ಅಲುಗಾಡಿಸಿದಳು. ಅವನು ಗಕ್ಕನೆ ಉಸಿರೆಳೆದು ಕಣ್ಣುಬಿಟ್ಟ.

"ರಾತ್ರಿಯಿಡೀ ಬೇಕರಿ ಒಲೆ ಮುಂದೆ ಬೆಂದು ಬಂದವನನ್ನ ಎಬ್ಬಿಸ್ತೀಯಲ್ಲೇ, ಕತ್ತೆ," ಎಂದಳು ಅಜ್ಜಿ.

"ಅದು ನಿದ್ದೆ ಅಲ್ಲ ಅಜ್ಜಿ, ಉಸಿರೇ ನಿಂತಿತ್ತು. ಬಡಿತದ ತಾಳ ತಪ್ಪೋ ಕಾಯಿಲೆ ತಾತನಿಂದಲೇ ಅಪ್ಪನ ಹೃದಯಕ್ಕೆ ಬಂದಿದೆ. ನಿದ್ದೇಲಿ ಹೀಗೆ ಉಸಿರು ಕಟ್ಟಿದ್ರೆ ಅದು ಇನ್ನೂ ಕೆಡಬಹುದು ಅಂತ ಡಾಕ್ಟರು ಮಲಗುವಾಗ ಹಾಕ್ಕೊಳ್ಳೋಕೆ ಕೊಳವೆಯಿಂದ ಗಾಳಿ ಊದೋ ಮಾಸ್ಕ್ ಕೊಟ್ಟಿದ್ದಾರೆ. ಇವರು ಪೆಟ್ಟಿಗೇನೇ ಬಿಚ್ಚಿಲ್ಲ."

"ಆ ಆನೆ ಸೊಂಡಿಲು ಕಟ್ಕೊಂಡು ಯಾರು ಮಲಗ್ತಾರೆ," ಎಂದು ಅವನು ಮಗ್ಗುಲು ಬದಲಿಸಿದ.

ಅಜ್ಜಿ ಕಪಾಟಿನತ್ತ ನಡೆದಳು. ಗಂಡ ತೀರಿಹೋದ ದಿನವೂ ಗೊರಕೆ ಹೀಗೇ ನಿಂತಿತ್ತು. ಪಾಪ, ಈಗ ನಿದ್ದೆ ಬಂತು ಎಂದುಕೊಂಡು ಅವಳೇ ಕೋಣೆಯ ಬಾಗಿಲು ಮುಂದೆ ಮಾಡಿ ಬಂದಿದ್ದಳು.

ಅವಳು ಕಪಾಟಿನ ಮೇಲಿದ್ದ ಪೆಟ್ಟಿಗೆಯನ್ನು ಇಳಿಸಿ, ಹಲ್ಲಿನಿಂದಲೇ ಪ್ಲಾಸ್ಟಿಕ್ ಹರಿದು ಮಾಸ್ಕ್ ತೆಗೆದಳು. ಮಗನ ಗದ್ದ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

"ಮುಖ ಕೊಡು. ನಾನು ಇನ್ನೊಂದು ಸಲ ಬಾಗಿಲು ಮುಚ್ಚಲ್ಲ."