ಎಡ ಸೀಟಿನ ಗುರು

ಸವಿತಾ ಇವತ್ತೂ ನೋಟ್‌ಬುಕ್ ತಂದಿದ್ದಳು. ಎಡ ಸೀಟಿನಲ್ಲಿ ಕುಳಿತ ವಿಲ್ಫ್ರೆಡ್ ಅದನ್ನು ಓರೆಗಣ್ಣಿನಿಂದ ನೋಡಿದ.

ಕಾರು ಕಲಿಯಲು ಬಂದವಳಿಗೆ ನೋಟ್‌ಬುಕ್ ಎಂತಕ್ಕೆ? ಎರಡು ಸಾವಿರದ ಇಸವಿಯಲ್ಲಿ ಕಾರ್ಕಳದಲ್ಲಿ ಅವನು ಡ್ರೈವಿಂಗ್ ಸ್ಕೂಲಿನ ಬೋರ್ಡು ಹಾಕಿದ ಮೇಲೆ ಬಂದವರೆಲ್ಲ ಕ್ಲಚ್ಚು, ಬ್ರೇಕು ಎಂದು ಕೇಳಿದವರೇ. ಈಕೆಯ ಪ್ರಶ್ನೆಗಳೇ ಬೇರೆ. ತಿಂಗಳಿಗೆ ಎಷ್ಟು ಜನ ಸೇರುತ್ತಾರೆ? ಕಲಿಸುವವನು ಕೈಕೊಟ್ಟರೆ ಏನು ಮಾಡುತ್ತೀರಿ? ಹೆದರುವವರನ್ನು ಹೇಗೆ ಸುಧಾರಿಸುತ್ತೀರಿ? ಉತ್ತರ ಬಾಯಿಂದ ಬೀಳುವ ಮೊದಲೇ ಪೆನ್ನು ಓಡುತ್ತಿತ್ತು. ಮೇಲಾಗಿ, ದಿನಾ ಕಾಪುವಿನಿಂದ ಎರಡು ಬಸ್ಸು ಹತ್ತಿ ಬರುತ್ತಿದ್ದಳು. ಕಾಪುವಿನಲ್ಲಿ ರಸ್ತೆ ಇಲ್ಲವೇ?

“ಅವಳು ಸರಕಾರದವಳೇ, ತಪಾಸಣೆಗೆ ಬಂದವಳು,” ಎಂದಿದ್ದಳು ಹೆಂಡತಿ ಇಮೆಲ್ಡಾ, ಬೆಳಿಗ್ಗೆ ಚಾ ಸೋಸುತ್ತ. “ಒಂದು ದಿನ ನೀವೇ ಓಡಿಸಿ ತೋರಿಸಿ ಅಂತಾಳೆ. ಆಗ ಎಂತ ಮಾಡ್ತೀರಿ? ಬಾಯಲ್ಲಿ ಓಡಿಸ್ತೀರಾ?”

ಬಾಯಲ್ಲಾದರೆ ವಿಲ್ಫ್ರೆಡ್ ಆಗುಂಬೆ ಘಾಟಿಯನ್ನೂ ಹತ್ತಿಸುತ್ತಿದ್ದ. ಕೈಕಾಲಿನಲ್ಲಿ ಮಾತ್ರ ಗೇಟು ದಾಟಿಸಿದವನಲ್ಲ.

ಮಸ್ಕತ್ತಿನಲ್ಲಿ ಹನ್ನೊಂದು ವರ್ಷ ಅವನು ನೋಡಿಕೊಂಡದ್ದು ಸ್ಟೋರು. ಊರವರು ಅಂದುಕೊಂಡದ್ದು ಸ್ಟೀರಿಂಗು. ಗಲ್ಫಿಗೆ ಹೋಗಿ ಬಂದವನಿಗೆ ಕಾರು ಬಾರದೆ ಇರುತ್ತದೆಯೇ? ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಕಲಿಸಲು ಸಂಬಳದ ಸಿದ್ದಣ್ಣನಿದ್ದ, ಬಯಲುಸೀಮೆಯವ. “ಮಣಿಪಾಲದಲ್ಲಿ ಹಾಸ್ಟೆಲು ಕಟ್ಟಿಸಿದವರೆಲ್ಲ ಕಲ್ಲು ಇಡಲು ಬಲ್ಲರಾ?” ಎಂದು ವಿಲ್ಫ್ರೆಡ್ ಇಮೆಲ್ಡಾಳ ಬಾಯಿ ಮುಚ್ಚಿಸಿದ್ದ. ಕಳೆದ ತಿಂಗಳು ಸಿದ್ದಣ್ಣ ಸ್ವಂತ ಟೆಂಪೊ ತೆಗೆದು ಹೊರಟುಹೋದ. ಹೊಸಬ ಸಿಗುವ ತನಕ ಎಂದು ವಿಲ್ಫ್ರೆಡನೇ ಎಡ ಸೀಟಿನಲ್ಲಿ ಕುಳಿತ. ಕಾಲಡಿಯಲ್ಲಿ ಗುರುವಿಗೆಂದೇ ಕೂರಿಸಿದ ಇನ್ನೊಂದು ಬ್ರೇಕು. ಗಂಟಲಲ್ಲಿ ಸಿದ್ದಣ್ಣನ ಧ್ವನಿ.

“ಹಗೂರ್ಕ ಬಿಡ್ರಿ! ಕ್ಲಚ್ಚಿನ ಮ್ಯಾಲೆ ಏನ್ ಸಿಟ್ಟು ನಿಮಗ?”

ಉಳಿದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದ ಮಾತು. ಸವಿತಾ ಕಾರು ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಅದನ್ನೂ ಬರೆದುಕೊಂಡಳು.

“ಇವತ್ತು ಏರು ಬೇಕು ಸಾರ್. ನಿಂತ ಕಾರನ್ನು ಏರಿನಲ್ಲಿ ಎತ್ತುವುದು ಹೇಗೆಂದು ನೀವೇ ಒಮ್ಮೆ ತೋರಿಸಬೇಕು.”

“ಕಾಲು ಉಳುಕಿದೆ.”

“ಮೊನ್ನೆ ಕೈ ಅಂದಿರಿ.”

ವಿಲ್ಫ್ರೆಡ್ ಕಿಟಕಿಯಾಚೆ ನೋಡಿದ. ಹನ್ನೊಂದು ವರ್ಷದ ಬೆವರು ಈ ಮಾರುತಿ ಕಾರಾಗಿ ನಿಂತಿತ್ತು. ಈಕೆ ಒಂದು ಸಾಲು ಬರೆದು ಮೇಲೆ ಕಳಿಸಿದರೆ ಅದೂ ಇಲ್ಲ, ಬೋರ್ಡೂ ಇಲ್ಲ.

ಗೊಮ್ಮಟ ಬೆಟ್ಟದ ಏರಿನ ನಟ್ಟನಡುವೆ ಕಾರು ಕೆಮ್ಮಿ ನಿಂತಿತು. ಹಿಂದೆ ಕಲ್ಲು ತುಂಬಿದ ಲಾರಿ, ಹಾರ್ನಿನ ಮೇಲೆ ಹಾರ್ನು. ಸವಿತಾ ಹ್ಯಾಂಡ್‌ಬ್ರೇಕ್ ಎಳೆದು ಇಳಿದೇಬಿಟ್ಟಳು.

“ನನ್ನಿಂದ ಆಗುವುದಿಲ್ಲ. ನೀವೇ ಎತ್ತಿ ಸಾರ್.”

ಸೀಟು ಬದಲಾಯಿತು. ಜೀವಮಾನದಲ್ಲಿ ಮೊದಲ ಸಲ ವಿಲ್ಫ್ರೆಡ್ ಸ್ಟೀರಿಂಗ್ ಹಿಡಿದ. ಕೀ ತಿರುಗಿಸಿದ, ಗೇರು ಹಾಕಿದ, ಹ್ಯಾಂಡ್‌ಬ್ರೇಕ್ ಇಳಿಸಿದ. ತಾನು ಹೇಳಿಕೊಡುತ್ತಿದ್ದುದನ್ನೆಲ್ಲ ಚಾಚೂ ತಪ್ಪದೆ ಮಾಡಿದ. ಕಾರು ಗಕ್ಕನೆ ಆಫ್ ಆಗಿ ಹಿಂದಕ್ಕೆ ಹೊರಟಿತು. ಲಾರಿಯ ಬಂಪರಿಗೆ ಒಂದು ಗೇಣು ಇರುವಾಗ ಸವಿತಾ ಎಡಗಡೆಯ ಬ್ರೇಕನ್ನು ಎರಡೂ ಕಾಲಿನಲ್ಲಿ ತುಳಿದಳು.

“ನನಗೆ ಬರುವುದಿಲ್ಲ ಮೇಡಂ.” ಈ ಸಲ ಧ್ವನಿ ಅವನದೇ. “ಯಾವತ್ತೂ ಬರುತ್ತಿರಲಿಲ್ಲ. ನಾಳೆಯೇ ಬೋರ್ಡು ಇಳಿಸುತ್ತೇನೆ. ಮೇಲಿನವರಿಗೆ ಮಾತ್ರ ಬರೆಯಬೇಡಿ. ಇರುವುದು ಇದೊಂದೇ.”

“ಮೇಲಿನವರಿಗಾ?” ಸವಿತಾಳ ಮುಖ ಸುಣ್ಣದ ಹಾಗಾಗಿತ್ತು. “ಅಂದರೆ... ಇಷ್ಟು ದಿನ ನೀವು ಕಲಿಸಿದ್ದು?”

ಅಷ್ಟರಲ್ಲಿ ಲಾರಿ ಡ್ರೈವರ್ ಇಳಿದು ಬಂದು ಗಾಜು ತಟ್ಟಿದ. “ಎಂತ ಮಾರಾಯ್ರೆ, ನಾನು ಇಲ್ಲೇ ಹಾಸಿಗೆ ಬಿಡಿಸಬೇಕಾ? ಇದರಲ್ಲಿ ಡ್ರೈವಿಂಗ್ ಸ್ಕೂಲಿನ ಓನರ್ ಯಾರು?”

ವಿಲ್ಫ್ರೆಡ್ ತಲೆ ತಗ್ಗಿಸಿ ಕೈ ಎತ್ತಿದ.

ಪಕ್ಕದಲ್ಲಿ ಸವಿತಾಳ ಕೈಯೂ ಮೇಲೆದ್ದಿತು. “ಕಾಪುವಿನ ಡ್ರೈವಿಂಗ್ ಸ್ಕೂಲು ನನ್ನದು ಸಾರ್. ನಮ್ಮವರು ತೀರಿಕೊಂಡ ಮೇಲೆ ನಾನೇ ನಡೆಸಬೇಕು. ಓನರಿಗೇ ಓಡಿಸಲು ಬರುವುದಿಲ್ಲವೆಂದು ಅಲ್ಲಿ ಯಾರಿಗೂ ಗೊತ್ತಾಗಬಾರದೆಂದು ಇಷ್ಟು ದೂರ ಬಂದೆ.”